ಬಾಲವಿಲ್ಲದ ನಕ್ಷತ್ರ

ಅವರ ಎಡಗೈಯ ತೋರುಬೆರಳಿನ ಉಗುರು ವರ್ಷವಿಡೀ ನೀಲಿಯಾಗಿರುತ್ತಿತ್ತು. ಎಷ್ಟು ತೊಳೆದರೂ ಹೋಗದ, ಸ್ವಲ್ಪ ಹಸಿರಿಗೆ ವಾಲಿದ ನೀಲಿ. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಅವರು ಬಂಗುಡೆಯ ಕಿವಿರು ಎತ್ತಿ ನೋಡುವಾಗ ಮೀನಿನ ಹೆಂಗಸರಿಗೆ ಆ ಉಗುರೇ ತಮಾಷೆಯ ವಸ್ತು. "ಎಂತ ಮಾವ, ಎಲ್ಲೂ ಇಲೆಕ್ಷನ್ ಇಲ್ಲ, ನೀವ್ ಯಾರಿಗ್ ವೋಟ್ ಹಾಕ್ಬಂದ್ರಿ?" ಎಂದು ಕೇಳುತ್ತಿದ್ದರು. "ಜಿರಳಿ ವಿರುದ್ಧ ಹಾಕಿದ್ದೆ" ಎಂದು ಅವರು ಮುಖದ ಒಂದು ಗೆರೆಯೂ ಅಲುಗದಂತೆ ಹೇಳಿ, ಆ ಬಂಗುಡೆಯನ್ನು ವಾಪಸಿಟ್ಟು ಇನ್ನೊಂದನ್ನು ಎತ್ತುತ್ತಿದ್ದರು.

ಅವರು ಹೇಳಿದ್ದು ನಿಜವೇ. ಅದು ಮೈಲುತುತ್ತದ ಬಣ್ಣ. ದೀಪಾವಳಿಗೆ ಮನೆಯೆದುರು ತೂಗಿಸುವ ಗೂಡುದೀಪಕ್ಕೆ ಕಾಗದ ಅಂಟಿಸಲು ಕಾಯಿಸುವ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕದಿದ್ದರೆ ಜಿರಳೆಗಳು ಒಂದೇ ರಾತ್ರಿಯಲ್ಲಿ ಇಡೀ ದೀಪವನ್ನು ಊಟ ಮಾಡಿ ಮುಗಿಸುತ್ತವೆ. ಅಂಟು ಹದಕ್ಕೆ ಬಂತೇ ಎಂದು ಅವರಿಗೆ ಬೆರಳು ಅದ್ದಿಯೇ ನೋಡಬೇಕು. ಚಮಚ ಕೊಟ್ಟರೆ ಬದಿಗಿಡುತ್ತಿದ್ದರು. ಅದು ವಿಷ ಎಂದು ಅವರ ಹೆಂಡತಿ ಬೈದೂ ಬೈದೂ ಸಾಕಾಗಿ, ಕೊನೆಗೆ ಊಟಕ್ಕೆ ಮುಂಚೆ ಗಂಡನ ಕೈಗೆ ತಾವೇ ಸೋಪು ಹಚ್ಚಿ ತೊಳೆಸುವ ಕ್ರಮ ಇಟ್ಟುಕೊಂಡಿದ್ದರು.

ನಮ್ಮ ಬೀದಿಗೆಲ್ಲ ಅವರು ಬೊಂಬಾಯಿ ಮಾವ, ಹೆಂಡತಿ ಅತ್ತೆ. ಹರೆಯದಲ್ಲಿ ಬೊಂಬಾಯಿಗೆ ಹೋಗಿ, ಹೋಟೆಲಿನಲ್ಲಿ ಟೇಬಲ್ ಒರೆಸುವಲ್ಲಿಂದ ಶುರು ಮಾಡಿ ಕೊನೆಗೆ ಸ್ವಂತ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು. ಹೋಟೆಲನ್ನು ಮಗನಿಗೆ ಒಪ್ಪಿಸಿ ಊರಿಗೆ ಬಂದ ಮೇಲೂ ಚಹಾವನ್ನು ಅರ್ಧ ಗ್ಲಾಸೇ ಕುಡಿಯುತ್ತಿದ್ದರು. ಯಾವುದು ಇಷ್ಟವಾದರೂ "ಚಲೇಗಾ" ಎನ್ನುತ್ತಿದ್ದರು, ಅದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿರಲಿಲ್ಲ. ಇಷ್ಟವಾಗದಿದ್ದರೆ ಮಾತ್ರ ಮಾತು ಹರಿತ. ಹೋಟೆಲಿನ ಗಲಾಟೆಯಲ್ಲಿ ಅಡಿಗೆಮನೆಗೆ ಕೇಳುವಂತೆ ಕೂಗಿ ಕೂಗಿ ಬಂದ ಅಭ್ಯಾಸವಿರಬೇಕು, ಹೇಳಿದ್ದು ಎದುರಿನವರಿಗೆ ಎಲ್ಲಿ ನಾಟಿತು ಎಂದು ತಿರುಗಿ ನೋಡುವ ವ್ಯವಧಾನ ಅವರಿಗಿರಲಿಲ್ಲ.

ಮಗ ರಜೆಯಲ್ಲಿ ಕಾರು ತಂದರೆ ನಿಲ್ಲಿಸಲೆಂದು ಮನೆಯ ಎದುರು ಒಂದು ಶೆಡ್ಡು ಕಟ್ಟಿಸಿದ್ದ. ಕಾರು ಬರುತ್ತಿದ್ದದ್ದು ಮೇ ತಿಂಗಳಲ್ಲಿ ಕೆಲವು ದಿನ. ಉಳಿದಂತೆ ಅದು ನಮ್ಮ ಕ್ಲಬ್ಬು. ನಾವು ಎಂದರೆ ನಾಲ್ಕು ಜನ. ಬೊಂಬಾಯಿ ಮಾವ, ಅವರ ಪಕ್ಕದ ಮನೆಯ ಪರ್ಬುಗಳು, ಬೈಂದೂರು ರೂಟಿನ ಬಸ್ಸಿನಲ್ಲಿ ಶಿಳ್ಳೆ ಹೊಡೆದು ಹೊಡೆದು ನಿವೃತ್ತರಾದ ಕಂಡಕ್ಟರು, ಮತ್ತು ಅಂಚೆ ಕಚೇರಿಯ ಕೌಂಟರಿನಿಂದ ನಿವೃತ್ತಳಾದ ನಾನು. ಕ್ರೈಸ್ತರಲ್ಲಿ ಹಿರಿಯ ಗಂಡಸರನ್ನು ನಮ್ಮ ಕಡೆ ಪರ್ಬುಗಳು ಎಂದೂ ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ವಾಡಿಕೆ, ನಾನೂ ಹಾಗೆಯೇ ಕರೆಯುತ್ತೇನೆ.

ನಿವೃತ್ತಿಯಾದ ಮೊದಲ ತಿಂಗಳುಗಳಲ್ಲಿ ನಾನು ಮನೆಯವರ ತಲೆ ತಿಂದಿದ್ದೆ. ಬೆಳಿಗ್ಗೆ ಸೀರೆ ಉಟ್ಟು ತಯಾರಾಗಿ, ಎಲ್ಲಿಗೂ ಹೋಗಲಿಕ್ಕಿಲ್ಲ ಎಂದು ನೆನಪಾಗಿ, ಕುರ್ಚಿಯಲ್ಲಿ ಕೂತು ಸೊಸೆಯ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದೆ. ಒಂದು ಸಂಜೆ ಶೆಡ್ಡಿನ ಎದುರು ಹಾದುಹೋಗುವಾಗ ಮಾವ ಕರೆದರು. "ಹ್ವಾಯ್ ಪೋಸ್ಟಮ್ಮ, ಕೈ ಖಾಲಿ ಇತ್ತಲ್ದಾ? ಬನ್ನಿ, ಈ ಕಾಗ್ದ ಹಿಡ್ಕಣಿ." ಹಿಡಿದುಕೊಂಡೆ. ಅಂಟು ಹಚ್ಚಿದ ಕಾಗದವನ್ನು ಬಿದಿರ ಕಡ್ಡಿಗೆ ಒತ್ತಲು ಹೇಳಿದಾಗ ನನ್ನ ಕೈ ತಾನಾಗಿ ಮೇಲೆದ್ದು ಧಪ್ಪೆಂದು ಬಡಿಯಿತು. "ಸೀಲ್ ಹೊಡುದಲ್ಲ ಮಾರಾಯ್ತಿ! ನೇವರ್ಸ್ಕ್" ಎಂದು ಅವರು ಚೀರಿದರು. ಹರಿದ ಕಾಗದ ನೋಡಿ ಪರ್ಬುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ದಿನಗಳಲ್ಲಿ ನಾನು ನಕ್ಕದ್ದೂ ಅದೇ ಮೊದಲು. ಮರುದಿನ ಯಾರೂ ಕರೆಯದೆ ಹೋದೆ.

ಚೌತಿ ಕಳೆದದ್ದೇ ಕಂಡಕ್ಟರು ಬೈಂದೂರಿನ ಆಚೆಯಿಂದ ಪರಿಚಯದ ಬಸ್ಸಿನ ಮೇಲೆ ಬಿದಿರು ಹಾಕಿಸಿಕೊಂಡು ಬರುತ್ತಿದ್ದರು. ದೀಪಾವಳಿಯವರೆಗೆ ಗೂಡುದೀಪ. ದೀಪಾವಳಿ ಮುಗಿದ ಮೇಲೆ ಉಳಿದ ಬಿದಿರಿನಲ್ಲಿ ಕ್ರಿಸ್‌ಮಸ್ ನಕ್ಷತ್ರ. ಈ ಎರಡನೆಯದು ಶುರುವಾದದ್ದು ನಾನು ಸೇರುವ ಎಷ್ಟೋ ಮುಂಚೆ. ಪರ್ಬುಗಳು ಒಂದು ಡಿಸೆಂಬರಿನಲ್ಲಿ ಬೇಲಿಯಾಚೆಯಿಂದ, ಉಳಿದ ಬಿದಿರ ಕಡ್ಡಿ ಇದ್ದರೆ ಕೊಡಿ, ಮನೆಗೊಂದು ನಕ್ಷತ್ರ ಮಾಡಬೇಕು ಎಂದು ಕೇಳಿದರಂತೆ. ಕಡ್ಡಿ ಕೊಡುವುದಿಲ್ಲ, ಇಲ್ಲೇ ಕೂತು ಮಾಡಿ ಎಂದು ಮಾವ ಹೇಳಿದರಂತೆ. ಪರ್ಬುಗಳು ಕೂತರು, ಆಮೇಲೆ ಏಳಲೇ ಇಲ್ಲ.

ಪರ್ಬುಗಳು ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ಜೀವಮಾನ ಕಳೆದವರು. ಡಿಸೆಂಬರಿನ ಬೆಳಗಿನಲ್ಲಿ ಹೊಳೆಯ ಮೇಲಿನ ಮಂಜಿಗೆ ನಾವೆಲ್ಲ ತಲೆಗೆ ಮಫ್ಲರ್ ಸುತ್ತಿದರೆ ಅವರು ಬನಿಯನ್ನಿನಲ್ಲಿ ಓಡಾಡುತ್ತ, ಇದೆಲ್ಲ ಒಂದು ಚಳಿಯಾ ಎನ್ನುತ್ತಿದ್ದರು. ಇಬ್ಬರ ನಡುವೆ ಕೆಲಸ ಹಂಚಿಹೋಗಿತ್ತು. ನಕ್ಷತ್ರದ ಹಂದರ ಮಾವನದ್ದು. ಐದು ಮೂಲೆಯ ಎರಡು ಚೌಕಟ್ಟು ಕಟ್ಟಿ, ನಡುವೆ ಗಿಡ್ಡ ಕಡ್ಡಿಗಳನ್ನು ಊರಿ ಉಬ್ಬಿಸಿ, ಕಾಗದ ಅಂಟಿಸಿ, ಮೇಲೆ ನೀರು ಚಿಮುಕಿಸಿ ಒಣಗಲು ಇಡುತ್ತಿದ್ದರು. ಒಣಗಿದ ಕಾಗದ ಬಿಗಿದುಕೊಂಡು, ಬೆರಳಲ್ಲಿ ತಟ್ಟಿದರೆ ಹಪ್ಪಳದ ಹಾಗೆ ಸದ್ದು ಮಾಡಬೇಕು. ನಕ್ಷತ್ರದ ಬಾಲ ಪರ್ಬುಗಳದ್ದು. ಬಿಳಿ ಕಾಗದವನ್ನು ಶ್ಯಾವಿಗೆಗಿಂತ ತೆಳ್ಳಗೆ ಕತ್ತರಿಸಿ, ಎಳೆಯ ಮೇಲೆ ಎಳೆ ಕೂಡಿಸಿ, ಉದ್ದಕ್ಕೆ ಇಳಿಬಿಡುತ್ತಿದ್ದರು. ಗಾಳಿ ಇಲ್ಲದಾಗಲೂ ಅದು ಅಲುಗುತ್ತಿತ್ತು.

ಬಾಲ ಎಂತಕ್ಕೆ, ಚಂದಕ್ಕಾ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಪರ್ಬುಗಳು ಕತ್ತರಿ ಕೆಳಗಿಟ್ಟು ಹೇಳಿದ್ದರು. "ಬಾಲ ಇಲ್ದಿರೂ ಅದ್ ನಕ್ಷತ್ರವೇ. ಆರೆ ದಾರಿ ತೋರ್ಸುದ್ ಬಾಲ. ಯೇಸು ಹುಟ್ಟಿದ್ದ್ ಎಲ್ಲಿ ಅಂತ ಹುಡ್ಕಂಡ್ ಹೊರಟ ಆ ಮೂರ್ ಜನ ಜ್ಞಾನಿಗಳಿಗೆ ಗೊತ್ತಾಯ್ಕಲ್ದಾ?"

"ಹಾಂಗಾರೆ ನನ್ನ ಗೂಡುದೀಪಕ್ಕೆ ನಾಕ್ ಬಾಲ ಇತ್ತ್. ನಿಮ್ದಕ್ಕಿಂತ ಜಾಸ್ತಿ ದಾರಿ ತೋರ್ಸತ್ತ್" ಎಂದರು ಮಾವ.

"ನಾಕ್ ದಿಕ್ಕಿಗ್ ತೋರ್ಸ್ರೆ ಜನ ಎಲ್ಲಿಗ್ ಹೋಪುದ್ ಮಾರಾಯ್ರೆ?"

ಹೀಗೆ ದಿನವೂ. ಆ ವಾರಗಳಲ್ಲಿ ಪರ್ಬುಗಳ ಹೆಂಡತಿ ಬಾಯಮ್ಮನ ಅಡಿಗೆಮನೆಯಿಂದ ಕೊಬ್ಬರಿ ಎಣ್ಣೆಯಲ್ಲಿ ಕರಿದ ಕುಸ್ವಾರಿನ ಪರಿಮಳ ಬೇಲಿ ದಾಟಿ ಬರುತ್ತಿತ್ತು. ಕುಸ್ವಾರ್ ಎಂದರೆ ಕ್ರಿಸ್‌ಮಸ್ಸಿನ ತಿಂಡಿಗಳೆಲ್ಲ ಸೇರಿ. ಕಿಡಿಯೊ, ನೆವ್ರಿ, ಗುಳಿಯೊ, ಅಕ್ಕಿ ಲಾಡು. ಬಾಯಮ್ಮ ಮೊದಲ ಒಬ್ಬೆಯನ್ನು ಶೆಡ್ಡಿಗೇ ಕಳಿಸುತ್ತಿದ್ದರು. ತಟ್ಟೆಯನ್ನು ಖಾಲಿ ವಾಪಸು ಮಾಡಬಾರದೆಂದು ಅತ್ತೆ ಅದರಲ್ಲಿ ಬಾಳೆಹಣ್ಣು ಇಡುತ್ತಿದ್ದರು. ಸಂಜೆ ಬ್ರಹ್ಮಾವರದಿಂದ ಬಸ್ಸಿನಲ್ಲಿ ಬರುವಾಗ ಹೆದ್ದಾರಿಯ ಎರಡೂ ಬದಿಯ ತೆಂಗಿನ ತೋಟಗಳೊಳಗೆ ಒಂದೊಂದೇ ನಕ್ಷತ್ರ ಹೊತ್ತಿಕೊಳ್ಳುವುದನ್ನು ನೋಡುತ್ತಾ, ಇದು ಕಾಗದದ್ದು, ಇದು ಪೇಟೆಯದ್ದು ಎಂದು ನಾನು ಮನಸ್ಸಿನಲ್ಲೇ ವಿಂಗಡಿಸುತ್ತಿದ್ದೆ. ಅಂಚೆ ಕಚೇರಿ ಬಿಟ್ಟರೂ ವಿಂಗಡಿಸುವ ಚಟ ಬಿಟ್ಟಿರಲಿಲ್ಲ.

ಆ ಪೇಟೆಯ ನಕ್ಷತ್ರವೇ ಜಗಳಕ್ಕೆ ಕಾರಣವಾಯಿತು.

ಹೋದ ಡಿಸೆಂಬರಿನ ಹಿಂದಿನ ಡಿಸೆಂಬರಿನ ಮಾತು. ಆ ವರ್ಷ ಪರ್ಬುಗಳು ಶೆಡ್ಡಿಗೆ ಬರುತ್ತಿದ್ದರೂ ಬಾಲದ ಕಾಗದ ಮುಟ್ಟಿರಲಿಲ್ಲ. ಇವತ್ತು ಕನ್ನಡಕ ಮರೆತೆ, ನಾಳೆ ನೋಡುವ ಎನ್ನುತ್ತಿದ್ದರು. ಒಂದು ಸಂಜೆ ನೋಡಿದರೆ ಅವರ ಅಂಗಳದ ಪೇರಳೆ ಮರದಲ್ಲಿ ಪ್ಲಾಸ್ಟಿಕ್ಕಿನ ನಕ್ಷತ್ರ. ಕೆಂಪು, ಹಸಿರು, ನೀಲಿ ಎಂದು ಮಿನುಗಿ, ಒಮ್ಮೆ ಪೂರ್ತಿ ಆರಿ, ಮತ್ತೆ ಮಿನುಗುತ್ತಿತ್ತು. ಮಾವ ಅದನ್ನು ನೋಡಿ ಒಳಗೆ ಹೋದರು. ಮರುದಿನ ನಾಲ್ಕು ಗಂಟೆಗೆ ಪರ್ಬುಗಳು ಬಂದು ಚಹಾದ ಗ್ಲಾಸು ಕೈಗೆ ತೆಗೆದುಕೊಂಡಾಗ ಹೇಳಿದರು. "ಪೇಟೆ ನಕ್ಷತ್ರ ಕೈ ಸತ್ತವ್ರಿಗ್ ಪರ್ಬುಗಳೇ. ನಿಮ್ಗ್ ಎಂತಕ್ಕೆ?"

ಕಂಡಕ್ಟರು ನಕ್ಕರು. ನನಗೂ ಅದು ಅವರ ಎಂದಿನ ಮಾತೆಂದೇ ಅನಿಸಿತು. ಪರ್ಬುಗಳು ಮಾತ್ರ ನಗಲಿಲ್ಲ. ಗ್ಲಾಸನ್ನು ನಳ್ಳಿಯ ಬಳಿ ಒಯ್ದು ತಾವೇ ತೊಳೆದು, ಬೋರಲು ಹಾಕಿ, ಬೇಲಿಯ ಗೇಟು ತೆರೆದು ಮನೆಗೆ ಹೋದರು. ಅಷ್ಟು ವರ್ಷಗಳಲ್ಲಿ ಅವರು ಅಲ್ಲಿ ಗ್ಲಾಸು ತೊಳೆದದ್ದನ್ನು ಯಾರೂ ನೋಡಿರಲಿಲ್ಲ. ಆ ಕ್ರಿಸ್‌ಮಸ್ಸಿಗೂ ಕುಸ್ವಾರ್ ತಟ್ಟೆ ಬಂತು, ಬಾಳೆಹಣ್ಣಿನೊಂದಿಗೆ ವಾಪಸೂ ಹೋಯಿತು. ಪರ್ಬುಗಳು ಬರಲಿಲ್ಲ.

ಒಂದು ಮಾತು ಸಾಕಿತ್ತು. ಆ ಒಂದು ಮಾತು ಆಡುವುದಕ್ಕೆ ಬೊಂಬಾಯಿ ಮಾವನಿಗೆ ಬರುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋಗುವಾಗ ಪರ್ಬುಗಳ ಗೇಟಿನ ಎದುರು ಚಪ್ಪಲಿಗೆ ಕಲ್ಲು ಸಿಕ್ಕಿದವರ ಹಾಗೆ ನಿಲ್ಲುತ್ತಿದ್ದರು, ಒಳಗೆ ಹೋಗುತ್ತಿರಲಿಲ್ಲ. ಒಂದು ದಿನ ನಾನೇ ಜಗಳಕ್ಕಿಳಿದೆ. ನೀವು ಹಿರಿಯರು, ಹೋಗಿ ಮಾತಾಡಿಸಬಾರದಾ ಎಂದೆ.

"ಎಂತ ಹೇಳುದ್? ತಮಾಷಿ ಮಾಡಿದ್ದ್ ಅಂತ ಹೇಳ್ಕಾ?" ಎಂದು ರೇಗಿದರು. ಆಮೇಲೆ ತಾವೇ, "ಮಳಿಗಾಲ ಕಳೀಲಿ. ಬಿದ್ರ್ ಬಂದದ್ ಕಂಡ್ರೆ ತಾವೇ ಬತ್ರ್. ಅವ್ರಿಗ್ ಮನಿಯಂಗೆ ಕೂಕಂಬುಕೆ ಆಪುದಿಲ್ಲ" ಎಂದರು.

ಮಳೆಗಾಲ ಕಳೆಯಲಿಲ್ಲ. ಆಟಿ ತಿಂಗಳ ಮಳೆ ಹೊಯ್ಯುತ್ತಿದ್ದ ಒಂದು ಬೆಳಿಗ್ಗೆ ಪರ್ಬುಗಳು ಹಲ್ಲುಜ್ಜುತ್ತಿದ್ದವರು ಹಾಗೆಯೇ ಕುಸಿದು ತೀರಿಹೋದರು. ಇಗರ್ಜಿಯಲ್ಲಿ ಅಂತ್ಯಕ್ರಿಯೆಯ ಪೂಜೆ ನಡೆಯುವಾಗ ಮಾವ ಕೊನೆಯ ಬೆಂಚಿನ ಹಿಂದೆ ಒದ್ದೆ ಕೊಡೆ ಹಿಡಿದುಕೊಂಡು ನಿಂತೇ ಇದ್ದರು. ಮಣ್ಣು ಹಾಕುವ ಸರದಿ ಬಂದಾಗ ಹಿಡಿ ಮಣ್ಣು ಎತ್ತಿಕೊಂಡು, ಎಷ್ಟೋ ಹೊತ್ತು ಕೈ ಬಿಡಿಸದೆ ನಿಂತರು. ಹಿಂದಿನವರು ಕಾಯುತ್ತಿದ್ದರು. ನಾನು ಮೊಣಕೈ ಮುಟ್ಟಿದ ಮೇಲೆಯೇ ಮುಷ್ಟಿ ತೆರೆದದ್ದು.

ಆ ವರ್ಷದ ಗೂಡುದೀಪಗಳಲ್ಲಿ ಕಾಗದ ಬಿಗಿಯಲಿಲ್ಲ. ಮಾವ ತಟ್ಟಿ ನೋಡುವುದನ್ನೂ ಬಿಟ್ಟಿದ್ದರು. ದೀಪಾವಳಿ ಮುಗಿದ ಮೇಲೆ ಒಂದು ದಿನ ಶೆಡ್ಡಿಗೆ ಹೋದರೆ ಅವರು ಒಬ್ಬರೇ ಕೂತು ದೊಡ್ಡ ನಕ್ಷತ್ರವೊಂದರ ಹಂದರ ಕಟ್ಟುತ್ತಿದ್ದರು. ನಾವು ಅಲ್ಲಿಯವರೆಗೆ ಮಾಡಿದ್ದಕ್ಕಿಂತ ದೊಡ್ಡದು. ನನಗೂ ಕಂಡಕ್ಟರಿಗೂ ಮುಟ್ಟಲು ಬಿಡಲಿಲ್ಲ. ದಿನಗಟ್ಟಲೆ ಕಟ್ಟಿದರು. ಒಂದು ಮೂಲೆ ಸೊಟ್ಟ ಬಂತೆಂದು ಬಿಚ್ಚಿ ಮತ್ತೆ ಕಟ್ಟಿದರು. ಬಿಳಿ ಕಾಗದ ಅಂಟಿಸಿ, ನೀರು ಚಿಮುಕಿಸಿ, ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರು. ಹಪ್ಪಳದ ಸದ್ದು ಬಂತು.

"ಬಾಲ?" ಎಂದೆ ನಾನು.

"ಬಾಲ ಅವ್ರದ್ದ್" ಎಂದರು.

ಕ್ರಿಸ್‌ಮಸ್ಸಿಗೆ ಎರಡು ದಿನವಿರುವಾಗ ಬೆಳಿಗ್ಗೆ ಮನೆಗೆ ಬಂದು ಏಣಿ ಹಿಡಿಯಲು ಕರೆದರು. ಬಾಯಮ್ಮ ಇಗರ್ಜಿಗೆ ಹೋಗಿದ್ದಾರೆ, ಬರುವುದರೊಳಗೆ ಪೇರಳೆ ಮರಕ್ಕೆ ನಕ್ಷತ್ರ ಹಾಕಬೇಕು ಎಂದರು. ಬೀದಿಯ ಉಳಿದ ಕ್ರೈಸ್ತರ ಮನೆಗಳಲ್ಲೆಲ್ಲ ಆಗಲೇ ನಕ್ಷತ್ರ ಬಂದಿತ್ತು. ಬಾಯಮ್ಮನ ಮನೆ ಮಾತ್ರ ಬೋಳಾಗಿತ್ತು. ಒಂದು ಮಾತು ಕೇಳಿ ಹಾಕುವ ಮಾವ ಎಂದೆ. ಅವರಿಗೆ ಆಶ್ಚರ್ಯವೇ ಆಯಿತು.

"ಸತ್ತವ್ರ್ ಮನಿಗ್ ದೀಪ ಹಾಕುಕೆ ಎಂತ ಕೇಂಬುದ್? ಅಲ್ಲಿಗೇ ಅಲ್ದಾ ಮೊದ್ಲ್ ಹಾಕ್ಕಾದ್ದ್?"

ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಮ್ಮ ಹಿರಿಯರು ಕಾರ್ತಿಕದಲ್ಲಿ ಉದ್ದದ ಗಳಕ್ಕೆ ದೀಪ ಏರಿಸುತ್ತಿದ್ದದ್ದು ತೀರಿಹೋದವರಿಗೆ ದಾರಿ ಕಾಣಲಿ ಎಂದೇ. ಗೂಡುದೀಪದ ಮೂಲ ಅದು ಎಂದು ಮಾವನ ತಾಯಿ ಅವರಿಗೆ ಹೇಳಿಕೊಟ್ಟಿದ್ದರು. ಅದೇ ಬಿದಿರು, ಅದೇ ಕಾಗದ, ಅದೇ ಅಂಟು. ನಕ್ಷತ್ರವೂ ಅದೇ ಎಂದು ಅವರು ತಿಳಿದಿದ್ದರು. ನಾನು ಏಣಿ ಹಿಡಿದೆ. ಅವರು ಹತ್ತಿ, ಗಟ್ಟಿಯಾಗಿ ಕಟ್ಟಿ, ವಯರನ್ನು ಹೆಂಚಿನ ಮಾಡಿನ ಅಂಚಿನಲ್ಲೇ ತಂದು ಜಗಲಿಯ ಪ್ಲಗ್ಗಿಗೆ ಸಿಕ್ಕಿಸಿದರು. ಸ್ವಿಚ್ಚು ಹಾಕಲಿಲ್ಲ. "ಅದ್ ಬಾಯಮ್ಮ ಹಾಕ್ಲಿ" ಎಂದರು.

ಇಗರ್ಜಿಯಿಂದ ಬಾಯಮ್ಮನ ಜೊತೆ ಪರ್ಬುಗಳ ಅಕ್ಕನೂ ಬಂದರು. ಹಬ್ಬಕ್ಕೆ ತಮ್ಮನ ಹೆಂಡತಿ ಒಬ್ಬಳೇ ಇರಬಾರದೆಂದು ಬ್ರಹ್ಮಾವರದಿಂದ ಬಂದಿದ್ದವರು. ಅಂಗಳಕ್ಕೆ ಕಾಲಿಟ್ಟು ತಲೆ ಎತ್ತಿದ್ದೇ ಅವರು ಕೊಂಕಣಿಯಲ್ಲಿ ಸಿಡಿದರು. ಕೌಂಟರಿನಲ್ಲಿ ಕೂತು ಕೂತು ನನಗೆ ಕೊಂಕಣಿ ಅರ್ಥವಾಗುತ್ತದೆ. ತಮ್ಮ ಹೋಗಿ ಇನ್ನೂ ವರ್ಷವಾಗಿಲ್ಲ, ಈ ಮನೆಯಲ್ಲಿ ನಕ್ಷತ್ರ ನೇತಾಡಿದರೆ ಜನ ಏನೆಂದಾರು, ಇದನ್ನು ಯಾರು ಮಾಡಿದ್ದು ಎಂದು ಕೇಳುತ್ತಿದ್ದರು. ಬಾಯಮ್ಮ ನಕ್ಷತ್ರವನ್ನು ನೋಡಿದರು, ಬೇಲಿಯ ಈಚೆ ಏಣಿ ಹೊತ್ತು ನಿಂತಿದ್ದ ನಮ್ಮನ್ನು ನೋಡಿದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಾವಾದ ಮನೆಯಲ್ಲಿ ವರ್ಷ ತಿರುಗುವವರೆಗೆ ನಕ್ಷತ್ರ ಹಾಕುವುದಿಲ್ಲ, ಕುಸ್ವಾರಿನ ಬಾಣಲೆ ಇಡುವುದಿಲ್ಲ ಎಂಬುದು ನಮಗೆ ಗೊತ್ತಿರಬೇಕಿತ್ತು. ಅಷ್ಟು ವರ್ಷ ಬೇಲಿಯಾಚೆ ತಿಂಡಿ ತಿಂದಿದ್ದೆವಲ್ಲ. ಆದರೆ ಆ ಮನೆಯಲ್ಲಿ ಅದುವರೆಗೆ ಸಾವಾಗಿರಲಿಲ್ಲ, ಬಾಣಲೆ ಇಡದ ಕ್ರಿಸ್‌ಮಸ್ಸನ್ನು ನಾವು ಕಂಡಿರಲಿಲ್ಲ.

ಆ ಸಂಜೆ ಬೀದಿಯ ನಕ್ಷತ್ರಗಳೆಲ್ಲ ಹೊತ್ತಿಕೊಂಡವು. ಪೇರಳೆ ಮರದ್ದು ಹೊತ್ತಿಕೊಳ್ಳಲಿಲ್ಲ. ಮಾವ ಶೆಡ್ಡಿನಲ್ಲಿ ಬೇಲಿಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡಿದ್ದರು. ಅತ್ತೆ ಊಟಕ್ಕೆ ಕರೆದರೆ "ಬತ್ತೆ" ಎನ್ನುತ್ತಿದ್ದರು, ಏಳುತ್ತಿರಲಿಲ್ಲ. ಕೊನೆಗೆ ನನಗೆ ಹೇಳಿದರು. "ನನ್ನ ಮೇಲ್ ಸಿಟ್ಟಿತ್ತ್ ಮಾರಾಯ್ತಿ. ಅವ್ರಿಗ್ ಇತ್ತಿದ್ದ ಸಿಟ್ಟೇ ಬಾಯಮ್ಮಂಗೂ ಇತ್ತ್." ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ಪರ್ಬುಗಳೊಡನೆ ಇನ್ನು ರಾಜಿಯಾಗುವ ಹಾಗಿರಲಿಲ್ಲ. ಉಳಿದದ್ದು ಬಾಯಮ್ಮನ ಕೈಯ ಆ ಒಂದು ಸ್ವಿಚ್ಚು. ಇಷ್ಟು ವಯಸ್ಸಿನ ಮನುಷ್ಯ ಒಂದು ಬಲ್ಬು ಹೊತ್ತುವುದನ್ನು ಕಾಯುತ್ತ ಕೂತದ್ದನ್ನು ನೋಡಿ ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಅವರೇ ಏಣಿ ಎತ್ತಿದರು. ಇಳಿಸಿಬಿಡುವ ಎಂದರು. ಮರಕ್ಕೆ ಏಣಿ ಒರಗಿಸುವಷ್ಟರಲ್ಲಿ ಬಾಯಮ್ಮ ಜಗಲಿಗೆ ಬಂದರು. ಕಪ್ಪು ಸೀರೆ, ಕೈಯಲ್ಲಿ ಕಾಫಿಯ ಲೋಟ.

"ತೆಗೀತ್ರ್ಯಾ ಮಾವ?"

"ಹೌದ್ ಬಾಯಮ್ಮ. ಕೇಣ್ದೆ ಹಾಕಿದ್ದ್ ತಪ್ಪಾಯ್ತ್. ನಿಮ್ಮಲ್ ಹೀಂಗ್ ಅಂತ ಗೊತ್ತಿತ್ತಿಲ್ಲ. ನಮ್ಮಲ್ ಹೋದವ್ರಿಗ್ ದಾರಿ ಕಾಂಬುಕೆ ಅಂತ ದೀಪ ಹಾಕುದ್. ಅದೇ ತಲೆಯಂಗ್ ಇತ್ತಿದ್ದ್."

ಬಾಯಮ್ಮ ಮೆಟ್ಟಿಲ ಮೇಲೆ ಕೂತರು. "ಹಾಕಿದ್ದಕ್ಕೆ ನಂಗೇನ್ ಬೇಜಾರಿಲ್ಲ. ಅವ್ರ ಅಕ್ಕ ಹಾಂಗ್ ಹೇಳ್ರ್ ಅಂತ ನೀವ್ ಬೇಜಾರ್ ಮಾಡ್ಕಂಬೇಡಿ. ಅವ್ರದ್ದ್ ತಮ್ಮ ಅಲ್ದಾ." ಲೋಟವನ್ನು ಪಕ್ಕಕ್ಕಿಟ್ಟು ಮತ್ತೆ ಶುರು ಮಾಡಿದರು. "ನಿಮ್ಗ್ ಒಂದ್ ಹೇಳ್ಕ್ ಅಂತ ಇದ್ದಿದ್ದೆ. ಆ ಪ್ಲಾಸ್ಟಿಕ್ಕಿಂದ್ ತಂದದ್ ನಾನ್, ಅವ್ರಲ್ಲ. ಸಕ್ರಿ ಕಾಯಿಲೆಯಿಂದ ಅವ್ರ ಬೆರ್ಳಿಗ್ ಜೋಮ್ ಹಿಡ್ದಿತ್ತ್. ಕತ್ರಿ ಹಿಡ್ರೆ ಹಿಡ್ದದ್ದೇ ಗೊತ್ತಾತಿತ್ತಿಲ್ಲ. ಒಂದಿನ ಬೆರ್ಳೇ ಕತ್ರಿಸ್ಕಂಡ್ರ್. ಮಾವಂಗ್ ಹೇಳ್ಬೇಡ, ಬಾಲ ಕತ್ರಿಸುಕೆ ಆಪುದಿಲ್ಲ ಅಂತ ಗೊತ್ತಾರೆ ಅವ್ರ್ ನಕ್ಷತ್ರ ಮಾಡುದೇ ಬಿಡ್ತ್ರ್ ಅಂದ್ರ್."

ಮಾವನ ಕೈ ಏಣಿಯ ಮೇಲಿತ್ತು. ಅದನ್ನು ತೆಗೆದು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಕೈ ಸತ್ತವರಿಗೆ ಎಂದು ಅವರು ಹೇಳಿದ್ದರಲ್ಲ. ನನಗೂ ಆಗಲೇ ಹೊಳೆದದ್ದು, ಪರ್ಬುಗಳು ಆ ದಿನ ನಗದೆ ಯಾಕೆ ಗ್ಲಾಸು ತೊಳೆದಿಟ್ಟರೆಂದು.

"ಬಾಯಮ್ಮ" ಎಂದರು ಮಾವ. ಅಂಗಳದಲ್ಲೇ, ಏಣಿಯ ಬುಡದಲ್ಲಿ ಕೂತುಬಿಟ್ಟರು. ಕೂತಲ್ಲಿಂದಲೇ, "ನಾನ್ ಹಾಂಗ್ ಹೇಳ್ಬಾರ್ದಿತ್ತ್. ತಪ್ಪಾಯ್ತ್. ಅವ್ರಿಗ್ ಹೇಳ್ಕಾಯಿತ್ತ್, ಹೇಳ್ಲಿಲ್ಲ" ಎಂದರು. ಮೇಲೆ ನೇತಾಡುತ್ತಿದ್ದ ನಕ್ಷತ್ರವನ್ನು ನೋಡುತ್ತಲೇ ಹೇಳಿದರು.

ಬಾಯಮ್ಮನ ಕಣ್ಣಲ್ಲಿ ನೀರಿತ್ತು, ಆದರೆ ಅವರು ನಕ್ಕರು. "ಅವ್ರೂ ಹೀಂಗೇ. ನಿಮ್ಮ ಶೆಡ್ಡಿನಂಗ್ ಸುತ್ತಿಗೆ ಸದ್ದ್ ಕೇಂಡ್ರೆ ಕಿಟ್ಕಿಗ್ ಬತ್ತಿದ್ರ್. ಹೋಯ್ನಿ ಅಂದ್ರೆ, ಕರೀಲಿ ಅಂತಿದ್ರ್." ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. "ನಕ್ಷತ್ರ ಹಬ್ಬಕ್ಕೆ ಮಾವ. ಈ ವರ್ಷ ನನ್ಗ್ ಹಬ್ಬ ಇಲ್ಲ, ಅದನ್ ತೆಗ್ದ್ ನಂಗ್ ಕೊಡಿ, ಒಳ್ಗಿಡ್ತೆ. ಆರೆ ದಾರಿ ಕಾಂಬುಕೆ ದೀಪ ಅಂದ್ರಿಯಲ್ದಾ? ನಾವೂ ನವೆಂಬರಂಗೆ ಸಮಾಧಿ ಮೇಲ್ ಮೊಂಬತ್ತಿ ಹಚ್ತೊ. ನಿಮ್ಮ ಗೂಡುದೀಪ ಒಂದ್ ಉಳ್ದಿತ್ತಾ?"

ಉಳಿದಿತ್ತು. ಕಾಗದ ಸಡಿಲವಾಗಿದ್ದ, ನಾಲ್ಕು ಬಾಲದ್ದು. ಮಾವ ಓಡಿದರು. ಎಪ್ಪತ್ತು ದಾಟಿದ ಅವರು ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿತ್ತಲಿನಲ್ಲಿ, ಇಗರ್ಜಿಯ ಸಮಾಧಿಗಳ ದಿಕ್ಕಿಗೆ ಮುಖ ಮಾಡಿ, ಬಾವಿಯ ಗಡಗಡೆಯ ಕಂಬಕ್ಕೆ ಅದನ್ನು ಕಟ್ಟಿದೆವು. ಪರ್ಬುಗಳ ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ಬೇಡ ಎನ್ನಲಿಲ್ಲ. ಕತ್ತಲಾಗುವಾಗ ಬಾಯಮ್ಮ ಸ್ವಿಚ್ಚು ಹಾಕಿದರು. ಬೀದಿಯಿಂದ ಯಾರಿಗೂ ಕಾಣದ ದೀಪ. ಕ್ಯಾರಲ್ ಹಾಡುವವರು ಬೀದಿಯಲ್ಲಿ ಹಾಡಿಕೊಂಡು ಬಂದು, ಆ ಗೇಟಿನ ಎದುರು ಹಾಡು ನಿಲ್ಲಿಸಿ, ಸುಮ್ಮನೆ ನಡೆದು ಮುಂದೆ ಹೋದ ಮೇಲೆ ಮತ್ತೆ ಹಾಡಿದರು. ಮಾವ ಶೆಡ್ಡಿನಲ್ಲಿ ಅರ್ಧ ಗ್ಲಾಸು ಚಹಾ ಕುಡಿದು ಮತ್ತೆ ಅರ್ಧ ಕೇಳಿದರು. ಆ ವರ್ಷ ಬೀದಿಯ ಉಳಿದ ಮನೆಯವರು ಬಾಯಮ್ಮನಿಗೆ ಕುಸ್ವಾರ್ ಕೊಟ್ಟರು, ಅತ್ತೆ ಒಂದು ಡಬ್ಬಿ ಚಕ್ಕುಲಿ ಕೊಟ್ಟರು.

ಮುಂದಿನ ಮಳೆಗಾಲವಿಡೀ ಮಾವ ಖುಷಿಯಲ್ಲಿದ್ದರು ಎಂದರೆ ಸುಳ್ಳಾಗುತ್ತದೆ. ಹರಿತ ಮಾತು ಬಾಯಿಗೆ ಬಂದದ್ದೇ ಥಟ್ಟನೆ ನಿಲ್ಲಿಸಿ, ಎದುರಿನವರ ಕೈ ನೋಡುವ ಹೊಸ ಅಭ್ಯಾಸ ಅವರಿಗೆ ಬಂದಿತ್ತು. ನಾನು ಕಾಗದ ಹರಿದರೆ ಬೈಯುವ ಬದಲು, "ಕೈ ನೋವಿತ್ತಾ?" ಎಂದು ಕೇಳುತ್ತಿದ್ದರು. ಬೈದರೇ ಚೆನ್ನಾಗಿತ್ತು ಎಂದು ನನಗೆ ಅನಿಸುತ್ತಿತ್ತು.

ಈ ಸಲದ ನವರಾತ್ರಿಯಲ್ಲಿ ಅವರು ಹೋದರು. ಬಿದಿರು ಸೀಳಿ, ಕಡ್ಡಿಗಳನ್ನು ಬಿಸಿಲಿಗೆ ಹರಡಿ, ಎದೆ ಉರಿಯುತ್ತದೆ ಎಂದು ಒಳಗೆ ಹೋಗಿ ಮಲಗಿದವರು ಏಳಲಿಲ್ಲ. ಸ್ನಾನ ಮಾಡಿಸಿ ಮಲಗಿಸಿದಾಗ ನಾನು ಕೈ ನೋಡಿದೆ. ಉಗುರು ನೀಲಿಯಾಗಿಯೇ ಇತ್ತು. ಬೊಂಬಾಯಿಯಿಂದ ಬಂದ ಮಗ ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ಈ ವರ್ಷ ನಮಗೆ ಹಬ್ಬ ಇಲ್ಲವಲ್ಲ ಎಂದು ಶೆಡ್ಡಿನ ಬಿದಿರು, ಕಾಗದ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ. ಅವನದ್ದೂ ತಪ್ಪಲ್ಲ, ಹಬ್ಬ ಇಲ್ಲದಾಗಲೂ ದೀಪ ಉಂಟು ಎಂಬುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅತ್ತೆಗೆ ಹೇಳುವ ಶಕ್ತಿ ಇರಲಿಲ್ಲ. ನನಗೆ ಹೇಳಬೇಕೆಂದಿತ್ತು, ಆದರೆ ಬೇರೆಯವರ ಮನೆಯ ಸೂತಕದಲ್ಲಿ ಬಾಯಿ ಹಾಕಲು ಧೈರ್ಯವಾಗಲಿಲ್ಲ.

ದೀಪಾವಳಿಯ ಸಂಜೆ ಬೀದಿಯಲ್ಲಿ ಗೂಡುದೀಪಗಳು ಹೊತ್ತಿಕೊಂಡವು. ಹೆಚ್ಚಿನವು ಮಾವ ಹಿಂದಿನ ವರ್ಷಗಳಲ್ಲಿ ಮಾಡಿಕೊಟ್ಟವೇ. ಅವರ ಮನೆಯ ಎದುರು ಮಾತ್ರ ಕತ್ತಲೆ. ನಾನು ಅತ್ತೆಯ ಜೊತೆ ಜಗಲಿಯಲ್ಲಿ ಕೂತಿದ್ದೆ. ಆಗ ಬೇಲಿಯ ಗೇಟು ಕಿರ್ರೆಂದಿತು. ಬಾಯಮ್ಮ ಎರಡೂ ಕೈಯಲ್ಲಿ ಹಳೆಯ ಬೆಡ್‌ಶೀಟು ಸುತ್ತಿದ ದೊಡ್ಡದೊಂದನ್ನು ಹಿಡಿದು, ಅಡ್ಡಡ್ಡ ನಡೆದುಕೊಂಡು ಬಂದರು. ಬಿಚ್ಚಿದಾಗ ಅದೇ ನಕ್ಷತ್ರ. ಒಂದು ಮೂಲೆಯಲ್ಲಿ ಹರಿದದ್ದಕ್ಕೆ ತೇಪೆ ಹಾಕಿದ್ದರು. ಕೆಳಗೆ ಬಾಲವಿತ್ತು. ಶ್ಯಾವಿಗೆಯಷ್ಟು ತೆಳ್ಳಗಿರಲಿಲ್ಲ. ಕೆಲವು ಎಳೆ ದಪ್ಪ, ಕೆಲವು ಗಿಡ್ಡ, ಒಂದೆರಡು ನಡುವೆಯೇ ತುಂಡಾಗಿ ಮತ್ತೆ ಅಂಟಿಸಿದ್ದು.

"ನಮ್ಮವ್ರದ್ದೇ ಕಾಗ್ದ, ಮಾವ ಹೋದ ಮೇಲ್ ಹುಡ್ಕಿ ತೆಗ್ದೆ" ಎಂದರು ಬಾಯಮ್ಮ. ಅತ್ತೆಯ ಪಕ್ಕದಲ್ಲಿ ಕೂತು, ಅವರ ಕೈ ಹಿಡಿದುಕೊಂಡರು. "ನಂಗ್ ಅವ್ರಂಗ್ ಬರುದಿಲ್ಲ. ಆರೆ ಬಾಲ ಇಲ್ದೆ ಹ್ಯಾಂಗ್ ದಾರಿ ಕಾಂಬುದ್? ನನ್ನ ವರ್ಷ ಮುಗೀತ್ ಅತ್ತೆ. ಇದ್ ಹಬ್ಬಕ್ಕಲ್ಲ. ಮಾವಂಗೆ."

ಅತ್ತೆ ಬಾಲದ ಎಳೆಗಳನ್ನು ಒಂದೊಂದಾಗಿ ನೇವರಿಸಿದರು. ಮಗ ಒಳಗಿನಿಂದ ಬಂದು ನೋಡಿ, ಅಮ್ಮನ ಮುಖ ನೋಡಿ, ಅಟ್ಟದಿಂದ ವಯರು ತಂದುಕೊಟ್ಟ. ಏಣಿ ಹಿಡಿಯುವುದು ನನಗೆ ಅಭ್ಯಾಸವಾಗಿತ್ತು. ಸುದ್ದಿ ತಿಳಿದು ಬಂದ ಕಂಡಕ್ಟರು ಹತ್ತಿ ಶೆಡ್ಡಿನ ಮಾಡಿನ ತುದಿಗೆ ಕಟ್ಟಿದರು. ಕೆಳಗಿಳಿದು ಸ್ವಿಚ್ಚಿಗೆ ಕೈ ಹಾಕಿದವರನ್ನು ನಾನೇ ತಡೆದೆ. ಅದನ್ನು ಅತ್ತೆಯೇ ಹಾಕಬೇಕಿತ್ತು.

ಈಗ ಡಿಸೆಂಬರು. ಬಾಯಮ್ಮನ ಮನೆಯಿಂದ ಎರಡು ವರ್ಷಗಳ ಮೇಲೆ ಕರಿದ ಎಣ್ಣೆಯ ಪರಿಮಳ ಬರುತ್ತಿದೆ. ಶೆಡ್ಡಿನ ಬಾಗಿಲು ಮತ್ತೆ ತೆರೆದಿದೆ. ಅಂಟು ನಾನೇ ಕಾಯಿಸುತ್ತೇನೆ, ಹದವನ್ನು ಬೆರಳದ್ದಿ ನೋಡುತ್ತೇನೆ, ಸೊಸೆ ಬೈಯುತ್ತಾಳೆ. ಪೇರಳೆ ಮರಕ್ಕೆಂದು ನಾನು ಮಾಡಿದ ನಕ್ಷತ್ರ ಸ್ವಲ್ಪ ಸೊಟ್ಟ ಇದೆ, ಬಾಲ ಬಾಯಮ್ಮನದ್ದು. ದೀಪಾವಳಿಗೆ ಕಟ್ಟಿದ್ದನ್ನು ಶೆಡ್ಡಿನ ಮಾಡಿನಿಂದ ಯಾರೂ ಇಳಿಸಿಲ್ಲ. ಹೊಸಬರು ಯಾರಾದರೂ ಅದು ಯಾವ ಹಬ್ಬದ್ದು ಎಂದು ಕೇಳುತ್ತಾರೆ. ಅತ್ತೆ ಕತ್ತಲಾಗುವ ಹೊತ್ತಿಗೆ ಎದ್ದು ಹೋಗಿ ಸ್ವಿಚ್ಚು ಹಾಕುತ್ತಾರೆ.